ತಂತಿಯ ಮೇಲಿನ ನೀಲಿ ಅಂಗಿ

ಭಾನುವಾರ, ಮಧ್ಯಾಹ್ನ

ದೂರ ದೇಶದಲ್ಲಿ ಮುಖ ಊದಿಸಿಕೊಂಡು ಕೂತಿರುವ ನಮ್ಮ ಮನೆಯವರಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀವು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಿಮ್ಮ ಕಾಗದ ಗುರುವಾರ ಬಂತು. ಅದರಲ್ಲಿ ಇದ್ದದ್ದು ಎರಡೇ ಸಂಗತಿ. ತಂತಿಯ ಮೇಲಿದ್ದ ನೀಲಿ ಅಂಗಿ ಯಾರದು ಎಂಬ ಪ್ರಶ್ನೆ, ಮತ್ತು ಇನ್ನೂ ಒಂದು ವರ್ಷ ಅಲ್ಲೇ ಡ್ಯೂಟಿ ಮಾಡಲು ಹೆಸರು ಕೊಟ್ಟಿದ್ದೀರಿ ಎಂಬ ಸುದ್ದಿ. ಓದಿ ಮೈಯೆಲ್ಲ ಉರಿದುಹೋಯಿತು. ಆ ದಿನ ಅಂಗಡಿಯಲ್ಲಿ ಒಂದು ಕನ್ನಡಕದ ಗಾಜನ್ನು ಅಳತೆ ತಪ್ಪಿ ಉಜ್ಜಿ ಹಾಳುಮಾಡಿದೆ. ಮಾಲೀಕರು ಏನೂ ಅನ್ನಲಿಲ್ಲ, ಅದಕ್ಕೆ ಇನ್ನೂ ಬೇಜಾರಾಯಿತು. ಫೋನಿನಲ್ಲಿ ಜಗಳ ಆಡೋಣವೆಂದರೆ ನಿಮ್ಮ ಬೆನ್ನ ಹಿಂದೆ ಹತ್ತು ಜನ ಸಾಲು ನಿಂತಿರುತ್ತಾರೆ. ಅದಕ್ಕೇ ಬರೆಯಲು ಕೂತೆ.

ಮೊದಲಿನಿಂದ ಹೇಳುತ್ತೇನೆ. ಕಾಗದದಲ್ಲಾದರೂ ನೀವು ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ.

ನೀವು ಅಲ್ಲಿ ಕ್ಯಾಂಪಿನಲ್ಲಿರುವಾಗ ನಾವು ಇಲ್ಲಿ ಬಾಡಿಗೆ ಮನೆಯಲ್ಲಿರಬೇಕೆಂದು ಸೇನೆಯವರು ಮನೆ ಬಾಡಿಗೆ ಭತ್ಯೆ ಕೊಡುತ್ತಾರೆ. ದುಡಿಯುವ ಬೇರೆ ಗಂಡಸು ಯಾರಾದರೂ ಮನೆಯಲ್ಲಿ ಸೇರಿಕೊಂಡರೆ ಭತ್ಯೆ ಅರ್ಧಕ್ಕೆ ಇಳಿಯುತ್ತದೆ. ಈ ನಿಯಮ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ನೋಡಿಕೊಂಡು ಹೋಗಲು ಸಂಬಳ ಕಚೇರಿಯ ಗುಮಾಸ್ತರು ಒಂದು ಶನಿವಾರ ಹೇಳದೆ ಕೇಳದೆ ಬಂದರು. ಬಡಕಲು ಮನುಷ್ಯ. ಮಾತಾಡುವಾಗಲೆಲ್ಲ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದರ ಕಡ್ಡಿಯನ್ನು ಒಂದಿಷ್ಟು ಬಗ್ಗಿಸಿ ಕೊಡೋಣ ಎಂದು ನನ್ನ ಕೈ ತುರಿಸುತ್ತಿತ್ತು. ತಟ್ಟೆ ಲೋಟ ನೋಡಿದರು, ಹಾಸಿಗೆ ನೋಡಿದರು. ಬಾಗಿಲ ಬಳಿ ಮಿರಮಿರ ಮಿಂಚುತ್ತಿದ್ದ ನಿಮ್ಮ ಹಳೆಯ ಬೂಟು ನೋಡಿದರು. ಆಮೇಲೆ ಬಾಲ್ಕನಿಗೆ ಹೋಗಿ, ನೀರು ತೊಟ್ಟಿಕ್ಕುತ್ತಿದ್ದ ನೀಲಿ ಅಂಗಿಯ ಕಾಲರು ಮಗುಚಿ ನೋಡಿದರು.

ಯಾರದಮ್ಮಾ ಎಂದು ಕೇಳಿದರು. ನಮ್ಮ ಮನೆಯವರದು ಅಂದೆ. ಅದಕ್ಕೆ ಅವರು, "ಅವರು ಹೋಗಿ ಎಂಟು ತಿಂಗಳಾಯ್ತು. ಅಂಗಿ ಇವತ್ತು ಒಗ್ದಿದೀರಲ್ಲಮ್ಮ?" ಅಂದರು.

ಮುಖ ಕೆಂಪಾಗಿದ್ದು ನನಗೇ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಸುಮ್ಮನೆ ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತಾ ನಿಂತೆ. ಅವರು ಮನೆಯಲ್ಲಿ ಬೇರೊಬ್ಬ ಗಂಡಸು ಇದ್ದಾನೆ ಎಂದು ಬರೆದುಕೊಂಡು ಹೋದರು. ಭತ್ಯೆ ಅರ್ಧ ನಿಂತಿತು. ವರದಿಯ ಪ್ರತಿ ನಿಮ್ಮ ಕ್ಯಾಂಪಿಗೂ ಹೋಯಿತು. ಅದು ನಿಮಗಿಂತ ಮೊದಲು ಎಷ್ಟು ಜನರ ಕೈ ದಾಟಿತೋ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇನ್ನು ಅಂಗಿಗಳ ಕಥೆ ಕೇಳಿ. ಕೆಳಗಡೆ ಇರುವ ನಮ್ಮ ಓನರ್ ಅಕ್ಕನ ಯಜಮಾನರು ಹಡಗಿನ ಕೆಲಸದಲ್ಲಿದ್ದವರು, ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದರು. ಹಾಗೆ ಒಂಟಿಯಾಗಿ ಮನೆ ನಡೆಸಿ ಪಳಗಿದ ಹೆಂಗಸು ಅಕ್ಕ. ನೀವು ಹೊರಟ ಮಾರನೆಯ ದಿನವೇ ಮೇಲೆ ಬಂದು ಪಾಠ ಹೇಳಿದರು. "ತಂತಿ ಮೇಲೆ ಗಂಡಸಿನ ಬಟ್ಟೆ ನೇತಾಡ್ತಿರ್ಲಿ ಕಣೇ, ಅರ್ಧ ಕಳ್ಳರು ಅದನ್ನ ನೋಡೇ ವಾಪಸ್ ಹೋಗ್ತಾರೆ" ಅಂದರು. ಒಂದೇ ಅಂಗಿ ದಿನಾ ನೇತಾಡಿದರೆ ಕಳ್ಳನಿಗೂ ಅನುಮಾನ ಬರುತ್ತದಂತೆ, ಬದಲಾಯಿಸುತ್ತಿರಬೇಕಂತೆ. ಒಣಗಿದ್ದನ್ನು ಹಾಕಿದರೆ ನಾಟಕ ಅಂತ ಗೊತ್ತಾಗುತ್ತದಂತೆ, ನೀರು ಸುರಿಯುತ್ತಿರಬೇಕಂತೆ. ಹೀಗೆ ಯಾರೂ ಹಾಕಿಕೊಳ್ಳದ ಅಂಗಿಗಳನ್ನು ಒಗೆದು ಒಗೆದು ಸೋಪು ಸವೆಸಿದ್ದೇನೆ. ಬೂಟಿಗೆ ಪಾಲಿಶ್ ಹಾಕುವುದು ಪುಟ್ಟಿ. ಅಪ್ಪ ಬಂದಾಗ ಬೂಟು ಕೊಳಕಾಗಿದ್ದರೆ ಬೈಯುತ್ತಾರೆ ಎಂದು ಅವಳ ಲೆಕ್ಕ. ಅಂತೂ ಕಳ್ಳರನ್ನು ನಂಬಿಸಲು ಹೋಗಿ ಗುಮಾಸ್ತರನ್ನು ನಂಬಿಸಿದೆವು.

ನಾನು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಬಾಡಿಗೆಗೆ ತಡವಾದಾಗ ಅಕ್ಕ ಗದರಿಸಿ ಕೇಳಿದರು, ಆಗ ಹೇಳಿದೆ. ಮಾರನೆಯ ಬೆಳಿಗ್ಗೆಯೇ ನನ್ನನ್ನು ಎಳೆದುಕೊಂಡು ಸಂಬಳ ಕಚೇರಿಗೆ ಹೋದರು. ಅಧಿಕಾರಿಯ ಮೇಜಿನ ಮೇಲೆ ಕೈಚೀಲ ಇಟ್ಟು, ಬಟ್ಟೆ ಹಾಕಿಸಿದ್ದು ನಾನು, ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ ಎಂದರು. ಅಧಿಕಾರಿ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ನಕ್ಕೇಬಿಟ್ಟರು. ಅವರ ಅಮ್ಮನೂ ಹೀಗೇ ಬಾಗಿಲ ಮುಂದೆ ಅಪ್ಪನ ಚಪ್ಪಲಿ ಬಿಡುತ್ತಿದ್ದರಂತೆ. ಅಕ್ಕನ ಹೇಳಿಕೆ ಬರೆಸಿಕೊಂಡರು. ಬರುವ ತಿಂಗಳಿಂದ ಭತ್ಯೆ ಪೂರ್ತಿ ಬರುತ್ತದೆ, ನಿಂತದ್ದೂ ಸೇರಿ. ಗುಮಾಸ್ತರು ಪಾಪ, ತಲೆ ತಗ್ಗಿಸಿ ಕೂತಿದ್ದರು. ಕನ್ನಡಕ ಇಸಿದುಕೊಂಡು ಕಡ್ಡಿ ಬಗ್ಗಿಸಿ ಕೊಟ್ಟು ಬಂದೆ.

ಹೀಗೆ ಕಚೇರಿಗೆ ನಂಬಿಕೆ ಬಂತು. ನನ್ನನ್ನು ಕಟ್ಟಿಕೊಂಡವರಿಗೆ ಬಂದಿಲ್ಲ. ಹನ್ನೊಂದು ವರ್ಷ ಜೊತೆಗೆ ಬಾಳಿದ ಮೇಲೆ ಅಂಗಿ ಯಾರದು ಅಂತ ಕೇಳಿದಿರಲ್ಲ, ನನಗೆ ತುಂಬಾ ನೋವಾಗಿದೆ. ಅತ್ತಿದ್ದೇನೆ ಕೂಡ. ಪುಟ್ಟಿ ಕೇಳಿದಾಗ ನನ್ನ ಕಣ್ಣಿಗೆ ಗಾಜಿನ ಪುಡಿ ಬಿತ್ತು ಅಂತ ಹೇಳಿದೆ.

ಗುಮಾಸ್ತರ ವರದಿಯ ಪ್ರಕಾರ ಕಾಲರಿನಲ್ಲಿ ಎಣ್ಣೆ ಕಲೆ ಇತ್ತಂತೆ, ನಾನು ಜನ್ಮದಲ್ಲಿ ತಲೆಗೆ ಎಣ್ಣೆ ಮುಟ್ಟಿಸಿದವನಲ್ಲ ಎಂದು ಅಡಿಗೆರೆ ಹಾಕಿ ಬರೆದಿದ್ದೀರಿ. ಅಕ್ಕನ ಅಡುಗೆಮನೆಯ ಕಿಟಕಿ ನಮ್ಮ ತಂತಿಯ ಕೆಳಗೇ ಇದೆ. ಎಣ್ಣೆ ಕಾಯಿಸಿದ ಹೊಗೆ ಬಡಿದಿರಬಹುದು. ಅಷ್ಟಕ್ಕೇ ಬಿಡಿ.

ಅಲ್ಲಿ ಸಂಬಳ ಚೆನ್ನಾಗಿ ಬರುತ್ತದೆ, ಇನ್ನೊಂದು ವರ್ಷ ಇದ್ದರೆ ಮನೆಗೇ ಒಳ್ಳೆಯದು ಎಂದು ಬರೆದಿದ್ದೀರಲ್ಲ, ಅದು ಬರೀ ನೆಪ. ನಿಮಗೆ ನನ್ನ ಮುಖ ನೋಡಲು ಮನಸ್ಸಿಲ್ಲ, ಅದಕ್ಕೇ ಹೆಸರು ಕೊಟ್ಟಿರಿ. ನೀವು ಬಂದರೆ ಈ ಬಾಡಿಗೆ ಭತ್ಯೆಯೂ ನಿಲ್ಲುತ್ತದೆ, ಬಾಲ್ಕನಿಯ ಮನೆ ಬಿಟ್ಟು ಕ್ವಾರ್ಟರ್ಸಿನ ಎರಡು ರೂಮಿಗೆ ಹೋಗಬೇಕು. ಹೋಗೋಣ. ನನಗೆ ಅಷ್ಟು ಸಾಕು. ಈ ತಿಂಗಳು ಮುಗಿಯುವುದರೊಳಗೆ ಹೆಸರು ವಾಪಸ್ ತೆಗೆದುಕೊಳ್ಳಬಹುದಂತೆ, ಅಧಿಕಾರಿಯನ್ನೇ ಕೇಳಿ ಬಂದಿದ್ದೇನೆ. ವಾಪಸ್ ತೆಗೆದುಕೊಳ್ಳಿ. ಜಗಳವನ್ನು ಇಲ್ಲಿ ಬಂದು ಮುಂದುವರಿಸೋಣ.

ಇಂತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮವಳು

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಹೊಗೆಯ ಮಾತು ಸುಳ್ಳು. ಆ ಎಣ್ಣೆ ನನ್ನ ತಲೆಯದು. ನೀವು ಹೊರಡುವ ದಿನ ಬಿಚ್ಚಿಟ್ಟು ಹೋದ ನೀಲಿ ಅಂಗಿಯನ್ನು ಆ ಶನಿವಾರದವರೆಗೆ ನಾನು ತಂತಿಗೆ ಹಾಕಿರಲೇ ಇಲ್ಲ, ಒಗೆದೂ ಇರಲಿಲ್ಲ. ಸಂಜೆ ಅಂಗಡಿಯಿಂದ ಬಂದು ಅದನ್ನು ಮೇಲೆ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದೆ. ಮೊದಮೊದಲು ನಿಮ್ಮ ವಾಸನೆ ಇತ್ತು. ಬರಬರುತ್ತಾ ನನ್ನ ಎಣ್ಣೆಯದೇ ಉಳಿಯಿತು. ಇನ್ನೇನು ಪ್ರಯೋಜನ ಎಂದು ಒಗೆದು ಹಾಕಿದ ದಿನವೇ ಆ ಗುಮಾಸ್ತರು ಬಂದದ್ದು. ಇದನ್ನು ಅವರ ಮುಂದೆ ಯಾವ ಬಾಯಲ್ಲಿ ಹೇಳಲಿ? ಅಕ್ಕನಿಗೂ ಹೇಳಿಲ್ಲ. ಬರಲು ಆಗುವುದೇ ಇಲ್ಲ ಎನ್ನುವುದಾದರೆ, ನೀವು ಹಾಕಿಕೊಂಡ ಒಂದು ಅಂಗಿಯನ್ನು ಒಗೆಯದೆ ಪಾರ್ಸೆಲ್ ಮಾಡಿ. ಬರುವುದಾದರೆ ಏನೂ ಬೇಡ.