ಕರಿಚೀಲಪ್ಪನನ್ನು ಒಳ್ಳೆಯವನನ್ನಾಗಿ ಮಾಡಬೇಡಿ

ಖಳರಿಗೆ ಕ್ಷಮಾದಾನ ನೀಡುವ ಅಧಿಕಾರವನ್ನು ತಾವೇ ವಹಿಸಿಕೊಂಡಿರುವ ಮಾನ್ಯ ಸಂಪಾದಕರೇ,

ತಮ್ಮ ಮಕ್ಕಳ ಮಾಸಪತ್ರಿಕೆಯ ಚಿತ್ರಕಥೆಯಲ್ಲಿ ಇಪ್ಪತ್ನಾಲ್ಕು ವರ್ಷ ಕೆಟ್ಟವನಾಗಿದ್ದ ಕರಿಚೀಲಪ್ಪನನ್ನು ತಾವು ಈ ವರ್ಷ ಒಳ್ಳೆಯವನನ್ನಾಗಿ ಮಾಡಿದ್ದೀರಿ. ಇದಕ್ಕೆ ನನ್ನ ಆಕ್ಷೇಪಣೆ ಇದೆ. ಬೆಟಗೇರಿಯಲ್ಲಿ ಮಗ್ಗ ನೇಯುವ ಐವತ್ತೆರಡು ವರ್ಷದ ಹೆಂಗಸಿಗೆ ಮಕ್ಕಳ ಕಥೆಯ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ಕೇಳಲಿಲ್ಲ ಎಂಬುದೇ ನನ್ನ ದುಃಖ. ಎರಡು ಸಲ ತಮ್ಮ ಕಚೇರಿಗೆ ಬರೆದೆ. ಎರಡು ಸಲವೂ ‘ತಮ್ಮ ಅಭಿಮಾನಕ್ಕೆ ಧನ್ಯವಾದಗಳು’ ಎಂದು ಅಚ್ಚು ಹಾಕಿದ ಕಾರ್ಡು ಬಂತು. ಅಭಿಮಾನ ತೋರಿಸಲು ನಾನು ಬರೆದಿರಲಿಲ್ಲ. ಆದ್ದರಿಂದ ಈ ಸಲ ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಆ ಕಥೆ ಓದದವರಿಗಾಗಿ ಹೇಳುತ್ತೇನೆ. ಕರಿಚೀಲಪ್ಪ ಟಪಾಲು ಕದಿಯುವವನು. ಡೊಳ್ಳು ಹೊಟ್ಟೆ, ಗಿಣಿಮೂಗು, ಹೆಗಲಿಗೊಂದು ಕಪ್ಪು ಚೀಲ. ಪ್ರತಿ ತಿಂಗಳು ಯಾರದೋ ಒಂದು ಕಾಗದ ಕದ್ದು ಓಡುತ್ತಿದ್ದ. ಗಂಗಿ ಎಂಬ ಹುಡುಗಿ ಬೆನ್ನು ಹತ್ತಿ, ಅವನನ್ನು ಕೆಸರಿಗೋ ಸಗಣಿಗುಂಡಿಗೋ ಕೆಡವಿ, ಕಾಗದ ಕಸಿದುಕೊಂಡು ಅದು ಯಾರಿಗೆ ಸೇರಬೇಕೋ ಅವರ ಕೈಗೆ ಕೊಡುತ್ತಿದ್ದಳು. ಕೊನೆಯ ಚಿತ್ರ ಯಾವಾಗಲೂ ಒಂದೇ: ಮನೆಯ ಹೊಸ್ತಿಲಲ್ಲಿ ನಿಂತು ಕಾಗದ ಓದುತ್ತಿರುವ ಒಬ್ಬರು. ಇದನ್ನು ಬರೆದು ಚಿತ್ರಿಸುತ್ತಿದ್ದವನು ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಶ್ರೀಧರ. ನನ್ನ ಅಣ್ಣ. ಅವನು ತೀರಿಕೊಂಡು ಎರಡು ವರ್ಷವಾಯಿತು.

ಅವನ ಕುಂಚ ಬೇರೆಯವರ ಕೈಗೆ ಹೋದ ಮೇಲೆ ಕರಿಚೀಲಪ್ಪನ ಹೊಟ್ಟೆ ಕರಗಿತು, ಎದೆ ಉಬ್ಬಿತು, ಗಿಣಿಮೂಗು ನೆಟ್ಟಗಾಯಿತು. ಒಂದು ದುಃಖದ ಬಾಲ್ಯವೂ ಮಂಜೂರಾಯಿತು. ಕೆಟ್ಟ ಸುದ್ದಿಯ ತಂತಿ ಓದಿ ಅವನ ತಾಯಿ ಎದೆಯೊಡೆದು ಸತ್ತಳಂತೆ. ಅಂದಿನಿಂದ ಅವನು ಜನರ ಒಳ್ಳೆಯದಕ್ಕಾಗಿಯೇ ಅವರ ಕಾಗದ ಕದಿಯುತ್ತಾನಂತೆ. ‘ಕಳ್ಳನಲ್ಲ, ಕಾವಲುಗಾರ’ ಎಂದು ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಗಂಗಿಗೆ ಈಗ ಅವನನ್ನು ಬೆರಗಿನಿಂದ ನೋಡುವುದೊಂದೇ ಕೆಲಸ. ಇಷ್ಟನ್ನೂ ಸಹಿಸಿಕೊಂಡಿದ್ದೆ. ಕಳೆದ ತಿಂಗಳು ತಾವು ಅಣ್ಣನ ಮೊಟ್ಟಮೊದಲ ಕಥೆಯನ್ನೇ ತಿರುಗಿಸಿ ಬರೆಸಿದಿರಿ. ಒಬ್ಬ ಹುಡುಗಿಗೆ ಶಿಕ್ಷಕಿಯಾಗುವ ತರಬೇತಿಗೆ ಕರೆದ ಕಾಗದ ಬರುತ್ತದೆ. ಕರಿಚೀಲಪ್ಪ ಅದನ್ನು ಸುಡುತ್ತಾನೆ. ಅವಳು ಹೋಗಬೇಕಿದ್ದ ಬಸ್ಸು ಹೊಳೆಗೆ ಬೀಳುತ್ತದೆ. ಹುಡುಗಿ ಬಂದು ಅವನ ಕಾಲಿಗೆ ಬೀಳುತ್ತಾಳೆ.

ಆ ಹುಡುಗಿ ನಾನು. ನಾನು ಯಾರ ಕಾಲಿಗೂ ಬೀಳಲಿಲ್ಲ.

೧೯೯೧ರಲ್ಲಿ ಪಿಯುಸಿ ಪಾಸಾಗಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದೆ. ಅಪ್ಪ ಪಾಂಡಪ್ಪನ ಕೈ ಆಗಲೇ ನಡುಗುತ್ತಿತ್ತು. ಮನೆಯ ಮಗ್ಗ ನನ್ನ ಕೈಯಲ್ಲಿತ್ತು. ಅಣ್ಣ ಮನೆಯಿಂದಲೇ ಗದಗಿಗೆ ಹೋಗಿ ಚಿತ್ರಕಲೆ ಕಲಿಯುತ್ತಿದ್ದ. ಟಪಾಲಿನವನು ಬರುವ ಹೊತ್ತಿಗೆ ದಿನವೂ ಮಗ್ಗದಿಂದ ಎದ್ದು ಬಾಗಿಲಿಗೆ ಬರುತ್ತಿದ್ದೆ. ಬೆಳ್ಳಟ್ಟಿಯ ಗೆಳತಿ ಚನ್ನಮ್ಮನಿಗೆ ಕಾಗದ ಬಂತು. ಅವಳ ಅಂಕ ನನಗಿಂತ ಕಡಿಮೆ. ನನಗೆ ಬರಲಿಲ್ಲ. ಅರ್ಜಿಯಲ್ಲಿ ನಾನೇ ಏನೋ ತಪ್ಪು ಬರೆದಿರಬೇಕೆಂದು ಎಂಟು ವರ್ಷ ನಂಬಿದ್ದೆ. ಯಾವ ಕಾಲಂ ಇರಬಹುದು ಎಂದು ನೇಯುವಾಗೆಲ್ಲ ಯೋಚಿಸುತ್ತಿದ್ದೆ. ತನ್ನ ಮೇಲೆ ತಾನೇ ಹೀಗೆ ಎಂಟು ವರ್ಷ ವಿಚಾರಣೆ ನಡೆಸುವುದು ಹೇಗಿರುತ್ತದೆಂದು ತಮ್ಮ ಹೊಸ ಕಥೆಗಾರರಿಗೆ ಗೊತ್ತಿದೆಯೇ?

೧೯೯೯ರ ಒಂದು ರವಿವಾರ ಅಣ್ಣ ಲಕ್ಷ್ಮೇಶ್ವರದಿಂದ ಬಂದ. ತನ್ನ ಮೊದಲ ಚಿತ್ರಕಥೆ ಅಚ್ಚಾಗಿದ್ದ ಪತ್ರಿಕೆಯನ್ನು ಮಗ್ಗದ ಮೇಲಿಟ್ಟು, ಚಹಾ ಸಹ ಕುಡಿಯದೆ ಹೋದ. ಓದಿದೆ. ಕರಿಚೀಲಪ್ಪ ಒಬ್ಬ ಹುಡುಗಿಯ ತರಬೇತಿಯ ಕಾಗದ ಕದಿಯುತ್ತಾನೆ. ಗಂಗಿ ಅದನ್ನು ಅವಳಿಗೆ ಮುಟ್ಟಿಸುತ್ತಾಳೆ. ಕೊನೆಯ ಚಿತ್ರದ ಹೊಸ್ತಿಲು ನಮ್ಮ ಮನೆಯದು. ಕದದ ಒಡಕು ಕೂಡ ಹಾಗೇ ಇತ್ತು.

ಅವ್ವ ದ್ಯಾಮವ್ವ ಪಕ್ಕದಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಅವ್ವಾ, ಟ್ರೇನಿಂಗಿಂದ ನನಗ ಕಾಗದ ಬಂದಿತ್ತೇನ?”

ಅವ್ವ ಕಂಡಿಕೆಯನ್ನು ಕೆಳಗಿಟ್ಟಳು. “ಬಂದಿತ್ತವಾ. ಶ್ರೀಧರ ಓಣ್ಯಾಗ ಟಪಾಲಿನವನ ಕಡಿಂದ ಇಸಗೊಂಡ. ಒಲಿಗೆ ಹಾಕಿದ.”

“ನೀ ನೋಡಿದ್ಯಾ?”

“ನೋಡಿದೆ. ನಿನ್ನ ಛಲೋದಕ್ಕ ಅಂತ ಸುಮ್ಮನಾದೆ. ನೀ ಹ್ವಾದ್ರ ಮಗ್ಗಾ ಯಾರು ಹಿಡೀಬೇಕಿತ್ತು? ಅವನ ಕಲಿಯೋದು ಹೆಂಗ ನಡೀಬೇಕಿತ್ತು?”

ನನ್ನ ಒಳ್ಳೆಯದಕ್ಕೆ. ಮಾನ್ಯರೇ, ತಮ್ಮ ಪತ್ರಿಕೆಗಿಂತ ಬಹಳ ಮೊದಲೇ ಈ ಕಾರಣ ನಮ್ಮ ಮನೆಯಲ್ಲಿ ಪ್ರಕಟವಾಗಿತ್ತು.

ಮುಂದಿನ ತಿಂಗಳು ಅಣ್ಣ ಬಂದಾಗ ನಾನು ಬೈಯಲಿಲ್ಲ. ಬೈದಿದ್ದರೆ ಅವನು ಅಳುತ್ತಿದ್ದ, ನಾನೇ ಅವನಿಗೆ ಸಮಾಧಾನ ಹೇಳಬೇಕಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ಅವನು ತಂದಿದ್ದ ಹೊಸ ಸಂಚಿಕೆಯ ಪಕ್ಕ ಚಹಾ ಇಟ್ಟು ಕೇಳಿದೆ: “ಈ ತಿಂಗಳ ಕಾಗದ ಮುಟ್ಟಿತೇನ್, ಅಣ್ಣಾ?”

ಅವನು ಚಹಾವನ್ನು ಬಸಿಗೆ ಸುರುವಿಕೊಂಡ. “ಮುಟ್ಟಿತವಾ,” ಅಂದ.

ಅಷ್ಟೇ. ಇಪ್ಪತ್ನಾಲ್ಕು ವರ್ಷ, ತಿಂಗಳಿಗೊಮ್ಮೆ, ನಮ್ಮಿಬ್ಬರ ನಡುವೆ ಆ ವಿಷಯದ ಬಗ್ಗೆ ನಡೆದ ಮಾತು ಅಷ್ಟೇ. ಪ್ರತಿ ತಿಂಗಳು ಅವನು ತನ್ನನ್ನು ತಾನೇ ಡೊಳ್ಳು ಹೊಟ್ಟೆಯವನನ್ನಾಗಿ ಬರೆದು, ಕೆಸರಿಗೆ ಕೆಡವಿಕೊಂಡು, ಆ ಪುಸ್ತಕವನ್ನು ನನಗೆ ತಂದು ಕೊಡುತ್ತಿದ್ದ.

ಅವನು ಹಾಸಿಗೆ ಹಿಡಿದಾಗ ತಾವೇ ಫೋನು ಮಾಡಿದ್ದಿರಿ. ಈಗಿನ ಮಕ್ಕಳಿಗೆ ಪೂರ್ತಿ ಕೆಟ್ಟವನು ರುಚಿಸುವುದಿಲ್ಲ, ಅವನಿಗೊಂದು ಹಿನ್ನೆಲೆ ಕೊಡಿ ಎಂದಿರಿ. ಫೋನನ್ನು ಅವನ ಕಿವಿಗೆ ಹಿಡಿದವಳು ನಾನು. ಅವನ ಉತ್ತರ ತಮಗೆ ಮರೆತಿದ್ದರೆ ನೆನಪಿಸುತ್ತೇನೆ: “ಕಾರಣ ಕೊಡಬಹುದರಿ ಸರ್. ಕಾರಣ ಎಲ್ಲಾರಿಗೂ ಇರತಾವ. ಆದ್ರ ಅದನ್ನ ಕೊಟ್ಟಮ್ಯಾಲ ಓದೋರು ಕರಿಚೀಲಪ್ಪನ ಸಲುವಾಗಿ ಮರಗತಾರ. ಕಾಗದ ಕಳಕೊಂಡಾಕಿನ್ನ ಮರೀತಾರ.”

ಚಿತ್ರಕಥೆಯ ಖಳ ಅರೆ ನಾಯಕನಾದರೆ ಹೆಚ್ಚು ಸೊಗಸೇ ಎಂದು ತಾವು ಸಂಪಾದಕೀಯದಲ್ಲಿ ಚರ್ಚೆ ಏರ್ಪಡಿಸಿದ್ದಿರಿ. ನನ್ನಂಥ ಹೆಚ್ಚು ಕಲಿಯದವಳ ಅಭಿಪ್ರಾಯವೂ ಇರಲಿ. ಕೆಟ್ಟವನು ಬದಲಾಗಬಾರದು ಎಂದು ನಾನು ಹೇಳುವುದಿಲ್ಲ. ನನ್ನ ಅಣ್ಣ ಬದಲಾದ. ‘ನಾನು ಕೆಟ್ಟದ್ದು ಮಾಡಿದೆ’ ಎಂದು ಒಪ್ಪಿಕೊಂಡೇ ಬದಲಾದ. ತಾವು ಮಾಡಿದ್ದು ಅದಲ್ಲ. ಅವನು ಮಾಡಿದ್ದನ್ನೇ ಒಳ್ಳೆಯದು ಎಂದಿರಿ. ಬಸ್ಸನ್ನು ಹೊಳೆಗೆ ಹಾಕಿದಿರಿ. ಚನ್ನಮ್ಮ ಹೋದ ಬಸ್ಸು ಎಲ್ಲಿಯೂ ಬೀಳಲಿಲ್ಲ, ಮಾನ್ಯರೇ. ಅವಳು ಮುಂಡರಗಿ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದಳು.

ಚಿತ್ರಕಥೆಯ ಹಕ್ಕುಗಳನ್ನು ಕೊಟ್ಟು ಸಹಿ ಹಾಕಿದವಳು ಅಣ್ಣನ ಮಗಳು ಪ್ರಿಯಾ ಎಂದು ತಾವು ಹೇಳಬಹುದು. ಹೌದು. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ, ಅಪ್ಪನನ್ನು ಕಳೆದುಕೊಂಡವಳು. ಆ ಸಂಚಿಕೆ ತಂದು ಖುಷಿಯಿಂದ ತೋರಿಸಿದಳು: “ಅತ್ತಿ, ಪಪ್ಪನ ಕರಿಚೀಲಪ್ಪ ಈಗ ಎಷ್ಟು ಛಲೋ ಆಗ್ಯಾನ ನೋಡು.” ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳದೇ ಇರಬಹುದಿತ್ತು, ಅವಳ ಒಳ್ಳೆಯದಕ್ಕೆ. ಆ ಮಾತು ನನ್ನ ಮನಸ್ಸಿಗೆ ಬಂದದ್ದಕ್ಕೇ ಹೆದರಿ ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ, “ಪಪ್ಪ ಹಂಗ ಮಾಡಿದ್ನಾ?” ಅಂದಳು.

“ಮಾಡಿದ. ಮುಂದ ಸಾಯೋತನಕ ಅದನ್ನ ಒಪ್ಪಿಕೊಂಡ.”

“ನೀ ಅವನ್ನ ಕ್ಷಮಿಸಿದ್ಯಾ, ಅತ್ತಿ?”

“ಕ್ಷಮಿಸಾಕ ಹತ್ತಿದ್ದೆ. ತಿಂಗಳಿಗೆ ಇಷ್ಟಿಷ್ಟು.”

ಅದು ಮುಗಿಯುವ ಮೊದಲೇ ಅವನು ಹೋದ. ಉಳಿದದ್ದು ನನ್ನ ಬಳಿಯೇ ಇತ್ತು, ಅದು ನನ್ನದಾಗಿತ್ತು. ತಾವು ಅದನ್ನು ಎಂಟು ಬಣ್ಣದ ಪುಟಗಳಲ್ಲಿ ಮುಗಿಸಿಬಿಟ್ಟಿರಿ. ನನ್ನ ಪರವಾಗಿ ಕ್ಷಮಿಸಲು ತಮಗೆ ಯಾರು ಹೇಳಿದ್ದರು?

ಪ್ರಿಯಾ ಆ ಸಂಚಿಕೆಯನ್ನು ನನ್ನ ಕೈಗಿಟ್ಟು, “ಅವರಿಗೆ ಬರಿ, ಅತ್ತಿ. ನನ್ನ ಸಲುವಾಗಿ ಸುಮ್ಮನಿರಬ್ಯಾಡ,” ಅಂದಳು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡಳು. ಅಪ್ಪನ ಫೋಟೋದ ಕಡೆ ಅಂದು ಅವಳು ನೋಡಲಿಲ್ಲ. ಅದಕ್ಕೂ ನಾನೇ ಕಾರಣ. ಅದನ್ನು ತಮ್ಮ ಮೇಲೆ ಹಾಕುವುದಿಲ್ಲ.

ನನ್ನ ಬೇಡಿಕೆ ಒಂದೇ. ಕರಿಚೀಲಪ್ಪನಿಗೆ ಹೊಟ್ಟೆ, ಗಿಣಿಮೂಗು ಎಲ್ಲ ವಾಪಸು ಕೊಟ್ಟು ಒಂದು ಕಡೆಯ ಕಥೆ ಹಾಕಿ. ಅವನನ್ನು ಆ ಹುಡುಗಿಯ ಬಾಗಿಲಿಗೆ ಕರೆತನ್ನಿ. ಗಂಗಿ ನಡುವೆ ಬರುವುದು ಬೇಡ, ಬಸ್ಸೂ ಬೇಡ, ಸತ್ತ ತಾಯಿಯೂ ಬೇಡ. “ನಿನ್ನ ಕಾಗದ ನಾನು ಸುಟ್ಟೆ” ಎಂದು ಅವನ ಬಾಯಿಂದ ಹೇಳಿಸಿ. ನನ್ನ ಅಣ್ಣ ಚಿತ್ರದಲ್ಲಿ ಹೇಳಿದ, ಬಾಯಿಬಿಟ್ಟು ಹೇಳಲಿಲ್ಲ. ಹುಡುಗಿಯ ಮಾತಿನ ಗುಳ್ಳೆಯನ್ನು ಖಾಲಿ ಬಿಡಿ. ಅದರೊಳಗೆ ಏನು ಬರೆಯಬೇಕೆಂದು ನನಗಿನ್ನೂ ಗೊತ್ತಿಲ್ಲ.

ಇಂತಿ,
ಖಳನನ್ನು ಖಳನಾಗಿಯೇ ಪ್ರೀತಿಸಿದ್ದ ತಂಗಿ,
ಭುವನೇಶ್ವರಿ
ಬೆಟಗೇರಿ