ಆ ತುಟಿ ತಿದ್ದಬೇಡ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೆ? ಏಣಿ ಹತ್ತಿ ಗೋಡೆಯಷ್ಟು ದೊಡ್ಡ ಚಿತ್ರ ಬರೆಯುವವನು ಬೆನ್ನಿಗೂ ಸ್ವಲ್ಪ ಮರ್ಯಾದೆ ಕೊಡಬೇಕಪ್ಪ. ನಾನು ಗಟ್ಟಿಯಾಗಿದ್ದೇನೆ. ಇವತ್ತು ರಜೆ; ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಬೇರೆಯವಳು ಗಂಟಲು ಹರಿದುಕೊಳ್ಳುತ್ತಿದ್ದಾಳೆ.

ನಿನ್ನ ಕಾಗದ ಬಂತು. ದೊಡ್ಡ ಪ್ರದರ್ಶನಕ್ಕೆ ನೀನು ಹುಡುಗನಾಗಿದ್ದಾಗ ಬರೆದ ನನ್ನ ಚಿತ್ರವೂ ಬೇಕು ಎಂದದ್ದನ್ನು ಓದಿ ಹಿಗ್ಗಿದೆ. ಮುಂದಿನ ಸಾಲಿಗೆ ಮೈ ಉರಿಯಿತು. ‘ಆಗ ಕೈ ಪಳಗಿರಲಿಲ್ಲ ಅಕ್ಕಾ, ತುಟಿ ಹತ್ರ ಒರಟಾಗಿದೆ, ಸ್ವಲ್ಪ ತಿದ್ದಿ ಹಾಕ್ತೀನಿ’ ಅಂತೆ. ಕೊಡುವುದಿಲ್ಲ ಕಣೋ. ಮರೆತುಬಿಟ್ಟೆಯಾ? ಹುಟ್ಟುವಾಗಲೇ ಸೀಳಿದ್ದ ನನ್ನ ಮೇಲ್ದುಟಿಯನ್ನು ಡಾಕ್ಟರು ಹೊಲಿದಿದ್ದರು; ಗುರುತು ಮೂಗಿನವರೆಗೂ ಉಳಿದಿತ್ತು. ಫೋಟೊ ಸ್ಟುಡಿಯೊದವನು ಅದನ್ನು ಅಳಿಸಿ ನನ್ನನ್ನು ಗೊಂಬೆ ಮಾಡಿದ್ದ. ಅಪ್ಪ ಆ ಫೋಟೊವನ್ನೇ ಗಂಡಿನ ಕಡೆಯವರಿಗೆ ಕಳಿಸಿದರು. ಬಂದ ಹುಡುಗ ಫೋಟೊ ನೋಡಿದ, ನನ್ನ ಮುಖ ನೋಡಿದ, ‘ಇದು ಇವರ ತಂಗಿ ಫೋಟೊನಾ?’ ಅಂದ. ಅವರು ಹೋದ ಮೇಲೆ ನಾನು ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದೆ. ಇನ್ನೂ ಮೀಸೆ ಮೂಡದ ನೀನು ಬಣ್ಣದ ಡಬ್ಬಿ ತಂದು ಎದುರು ಕೂತು, ‘ಕೈ ತೆಗಿ ಅಕ್ಕಾ, ಕಾಣ್ತಿಲ್ಲ’ ಅಂದೆ. ಸಮಾಧಾನದ ಮಾತು ಒಂದೂ ಇಲ್ಲ. ನೋಡಿದೆ, ಬರೆದೆ. ಹಾಗೆ ಮರುಕಪಡದೆ ನನ್ನ ಬಾಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಅಪ್ಪ ಚಿತ್ರವನ್ನು ಮಂಚದಡಿ ತಳ್ಳಿದರು. ನಾನು ಹೊರಗೆಳೆದು, ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ‘ಬಂದವರಿಗೆಲ್ಲ ಕಾಣುತ್ತಲ್ಲೇ!’ ಎಂದು ಕೂಗಾಡಿದರು. ‘ಕಾಣಲಿ ಅಂತಲೇ’ ಅಂದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಕೊನೆಕೊನೆಗೆ ಅದರ ಧೂಳು ಒರೆಸುತ್ತಿದ್ದವರು ಅವರೇ, ನಿನಗೆ ಗೊತ್ತಿರಲಿಕ್ಕಿಲ್ಲ. ಚಿತ್ರ ಗೋಡೆಗೇರಿದ ಮೇಲೇ ನಾನು ಈ ಕಿಟಕಿಯ ಕೆಲಸಕ್ಕೆ ಸೇರಿದ್ದು. ಬಸ್ಸು ಹಿಡಿಯಲು ಬಂದವರೆಲ್ಲ ಗಾಜಿನ ತೂತಿಗೆ ಬಗ್ಗಿ ನನ್ನ ಬಾಯನ್ನೇ ನೋಡುತ್ತಾರೆ. ನೋಡುತ್ತ ನೋಡುತ್ತ ಬಸ್ಸು ತಪ್ಪಿಸಿಕೊಂಡವರೂ ಇದ್ದಾರೆ, ಅದು ಅವರ ಪಾಡು.

ಚಿತ್ರದಲ್ಲಿ ಕಿವಿ ಕೆಳಗಿಳಿದಿದೆ, ಒಪ್ಪಿದೆ. ಕುತ್ತಿಗೆಯಂತೂ ಕಂಬ. ಕೈ ಪಳಗದಿದ್ದದ್ದು ಅಲ್ಲೆಲ್ಲ. ತುಟಿಯೊಂದನ್ನೇ ನೀನು ಇದ್ದ ಹಾಗೆ ಬರೆದದ್ದು. ದೊಡ್ಡ ಮನುಷ್ಯನಾದೆ ಅಂತ ಈಗ ಆ ಸ್ಟುಡಿಯೊದವನ ಕೆಲಸಕ್ಕೆ ಇಳಿಯಬೇಡ. ಬರೆದವನು ನೀನಿರಬಹುದು, ಬಾಯಿ ನನ್ನದು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು, ಮಗಳ ಕೆನ್ನೆಗೊಂದು ಮುತ್ತು. ನಿನ್ನ ಕೈ ಎಂದೂ ಸೋಲದಿರಲಿ.

ನಿನ್ನ
ಅಕ್ಕ

ತಾ.ಕ.: ಚಿತ್ರ ಒಯ್ಯಲು ನೀನು ಕಳಿಸಿದ ವ್ಯಾನಿನವನು ಈಗಷ್ಟೇ ಬಂದಿದ್ದ. ನೀರು ಕೊಟ್ಟು ಬರಿಗೈಯಲ್ಲಿ ವಾಪಸು ಕಳಿಸಿದೆ. ಚಿತ್ರ ಬರುತ್ತದೆ, ನನ್ನ ಜೊತೆ. ಪ್ರದರ್ಶನದ ದಿನ ಬೆಳಗಿನ ಬಸ್ಸಿಗೆ ಎರಡು ಸೀಟು ಹಿಡಿದಿದ್ದೇನೆ, ಕಿಟಕಿ ಪಕ್ಕದ್ದು ಅದಕ್ಕೆ. ಬಾಗಿಲಿನ ಎದುರು ಗೋಡೆ ಖಾಲಿ ಇಡು. ಬಂದವರು ಅದನ್ನೂ ನೋಡಲಿ, ಪಕ್ಕದಲ್ಲಿ ನಿಂತ ನನ್ನನ್ನೂ ನೋಡಲಿ. ಬಸ್ಸಿಳಿಯುವಲ್ಲಿಗೆ ನೀನೇ ಬಾ. ಚೌಕಟ್ಟು ಭಾರವಿದೆ, ಒಂದು ತುದಿ ನೀನು ಹಿಡಿ, ಒಂದು ನಾನು.