ಅರಿಶಿನ ಅಂಟಿದ ಸಹಿ

ಫೆಬ್ರವರಿ ೩೦, ೨೧೦೯

ಮುತ್ತಜ್ಜಿ ಸರ್ವಮಂಗಳಾ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ಬಿಡುವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಈ ಪತ್ರ ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ; ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ಸ್ವಂತ ಹಿರಿಯರಿಗೆ ಮಾತ್ರ. ನನ್ನದನ್ನು ನಿಮಗೆ ಧನ್ಯವಾದ ಹೇಳಲೆಂದೇ ಇಟ್ಟುಕೊಂಡಿದ್ದೆ. ಈಗ ಬೇರೆಯೇ ಬರೆಯಬೇಕಾಗಿ ಬಂದಿದೆ.

ನಮ್ಮ ಪಡಸಾಲೆಯಲ್ಲಿ ನಿಮ್ಮ ಫೋಟೊ ಇದೆ. ಜಿಲ್ಲಾ ಬಾಲ್ ಬ್ಯಾಡ್ಮಿಂಟನ್ ಸಂಸ್ಥೆಯ ಆಡಳಿತ ಮಂಡಳಿಗೆ ಆರಿಸಿ ಬಂದ ಮೊದಲ ಮಹಿಳೆ ಎಂದು ಕೆಳಗೆ ಬರೆದಿದೆ. ಅದನ್ನು ನೋಡಿಯೇ ನಾನು ಬ್ಯಾಟು ಹಿಡಿದದ್ದು. ನಾವು ಆಡುವುದು ತಂಪಂಗಳದಲ್ಲಿ, ಅಂದರೆ ಬಿಸಿಲಿಗೆ ಹೆದರಿ ನೆಲದೊಳಗೆ ತೋಡಿ, ಯಂತ್ರದಿಂದ ತಣ್ಣಗಿಟ್ಟ ಅಂಕಣದಲ್ಲಿ. ಬೆಳಿಗ್ಗೆ ಮತ್ತು ಸಂಜೆ ಅದು ಗಂಡುಮಕ್ಕಳದು. ಮಧ್ಯಾಹ್ನ ಯಂತ್ರ ನಿಲ್ಲಿಸಿದ ಎರಡು ಗಂಟೆ ಹುಡುಗಿಯರದು. ಉಣ್ಣೆಯ ಚೆಂಡು ಬೆವರಿಗೆ ನೆನೆದು ಭಾರವಾಗಿ ಬಲೆ ದಾಟುವುದೇ ಕಷ್ಟ. ಹೋದ ವರ್ಷ ಇಬ್ಬರು ಆಡುತ್ತಾ ಆಡುತ್ತಾ ತಲೆಸುತ್ತಿ ಬಿದ್ದರು. ಹೊತ್ತು ಬದಲಿಸಿ ಎಂದು ಕೇಳಲು ಹದಿನೈದು ಜನರ ಮಂಡಳಿಯಲ್ಲಿ ನಾನೊಬ್ಬಳೇ ಹೆಂಗಸು.

ಹೋದ ವಾರ ಆ ಒಂದು ಸ್ಥಾನವನ್ನೂ ತೆಗೆಯುವ ಠರಾವು ಬಂತು. ನಾನು ಎದ್ದು ನಿಂತು ನಿಮ್ಮ ಹೆಸರು ಹೇಳಿದೆ. ಇದೇ ಕೋಣೆಯಲ್ಲಿ ಕೂತು ನಮಗಾಗಿ ಜಗಳವಾಡಿದವರು ಎಂದೆ. ಅಧ್ಯಕ್ಷರು ೨೦೨೭ರ ನಡಾವಳಿ ಪುಸ್ತಕ ತೆರೆದು ನನ್ನ ಮುಂದೆ ತಳ್ಳಿದರು. ಮಹಿಳೆಯರ ನಾಲ್ಕು ಸ್ಥಾನಗಳಲ್ಲಿ ಮೂರು ಖಾಲಿಯೇ ಇರುವುದರಿಂದ ಅವನ್ನು ಒಂದಕ್ಕೆ ಇಳಿಸಲು ಏಕೈಕ ಮಹಿಳಾ ಸದಸ್ಯೆಯ ಪೂರ್ಣ ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೆ ನಿಮ್ಮ ದುಂಡನೆಯ ಸಹಿ. “ನಿಮ್ ಮುತ್ತಜ್ಜೀನೇ ಒಪ್ಪಿದಾರಲ್ಲ ಮೇಡಂ, ಇನ್ನೇನ್ ತಕರಾರು ನಿಮ್ದು?” ಎಂದರು. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಸಹಿಯ ಪಕ್ಕದಲ್ಲಿ ಅರಿಶಿನದ ಬೆರಳ ಗುರುತಿತ್ತು. ಸಭೆಯ ಕೋಣೆಗೆ ಅರಿಶಿನ ಎಲ್ಲಿಂದ ಬರಬೇಕು? ಮನೆಗೆ ಬಂದು ಅಮ್ಮನನ್ನು ಕೇಳಿದೆ. ಬಹಳ ತಡವರಿಸಿ ಹೇಳಿದಳು: “ಮೀಟಿಂಗಿಗೆ ಹೋಗ್ತಿದ್ದಿದ್ದು ನಮ್ಮಜ್ಜ ಕಣೇ. ಮೀಟಿಂಗು ನಡೀವಾಗ್ಲೇ ಜವಾನ ಪುಸ್ತಕ ಮನೆಗೆ ತರ್ತಿದ್ನಂತೆ. ಅಜ್ಜಿ ಒಗ್ಗರಣೆ ಹಾಕ್ತಾನೇ ಖಾಲಿ ಹಾಳೆಗೆ ಸಹಿ ಮಾಡಿ ಕಳಿಸ್ತಿದ್ರಂತೆ. ಬರ್ಕೊಳ್ಳೋದೆಲ್ಲ ಆಮೇಲೆ.”

ಹದಿನಾಲ್ಕು ಸಭೆ, ಹದಿನಾಲ್ಕು ಸಹಿ. ಒಂದಕ್ಕೂ ನೀವು ಹೋಗಲಿಲ್ಲ. ಅಮ್ಮನಿಗೆ ಇದು ಗೊತ್ತಿತ್ತು, ಆದರೂ ದಿನಾ ನನ್ನಿಂದ ಆ ಫೋಟೊಗೆ ಕೈಮುಗಿಸಿದಳು. ನನಗೆ ಮೋಸವಾಗಿದೆ, ಮುತ್ತಜ್ಜಿ. ಮುತ್ತಜ್ಜ ಮಾಡಿದ್ದು ಆ ಕಾಲದ ರೂಢಿ ಎಂದುಕೊಳ್ಳೋಣ. ಆದರೆ ಹಾಳೆ ಖಾಲಿ ಎಂದು ಗೊತ್ತಿದ್ದೂ ಸಹಿ ಹಾಕಿದ ಕೈ ನಿನ್ನದು. ಸಿಟ್ಟಿನಲ್ಲಿ ಏಕವಚನ ಬಂದುಬಿಟ್ಟಿತು. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ನಾಳೆ ಮತದಾನ. ನಿಮ್ಮ ಸಹಿ ಆ ಪುಸ್ತಕದಲ್ಲಿ ಇರುವವರೆಗೆ ನಾನು ಗೆಲ್ಲುವುದಿಲ್ಲ. ಹುಡುಗಿಯರ ಪರವಾಗಿ ಬಾಯಿ ತೆರೆಯಲು ಆ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ. ಅದಕ್ಕೇ ನನ್ನ ಒಂದೇ ಪತ್ರವನ್ನು ಇದಕ್ಕೆ ಖರ್ಚು ಮಾಡುತ್ತಿದ್ದೇನೆ.

ಸ್ಥಾನ ಇಳಿಸಿದ ಆ ಸಭೆಯ ದಿನ, ೨೦೨೭ರ ಜೂನ್ ೧೨ರ ಶನಿವಾರ, ಹನ್ನೊಂದು ಗಂಟೆಯ ಸುಮಾರಿಗೆ ಜವಾನ ನಿಮ್ಮ ಬಾಗಿಲಿಗೆ ಬರುತ್ತಾನೆ. ಸಹಿ ಮಾಡಬೇಡಿ. ಒಲೆ ಆರಿಸಿ, ಕೈ ತೊಳೆದುಕೊಂಡು, ಪುಸ್ತಕ ನೀವೇ ಹಿಡಿದು ಸಭೆಗೆ ನಡೆಯಿರಿ. ನಿಮ್ಮ ಕುರ್ಚಿಯಲ್ಲಿ ಮುತ್ತಜ್ಜ ಕೂತಿರುತ್ತಾರೆ. ಎಬ್ಬಿಸಿ.

ನಿಮ್ಮ ಮರಿಮೊಮ್ಮಗಳು,
ಇಬ್ಬನಿ